ಊರಿನ ಹೆಸರು ಎಲ್ಲರದ್ದು, ನಿಮ್ಮ ಬ್ರಾಂಡ್ ಯಾವುದು?

ಮದ್ದೂರು ವಡೆಯನ್ನು ಇಷ್ಟು ವರ್ಷ ಮಾರಿಕೊಟ್ಟಿದ್ದು ಆ ಜಾಗ. ರೈಲು ನಿಲ್ಲುತ್ತಿತ್ತು, ಬಸ್ಸು ನಿಲ್ಲುತ್ತಿತ್ತು, ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ಹೋಗುವ ಕಾರುಗಳೂ ನಿಲ್ಲುತ್ತಿದ್ದವು. ಬೋರ್ಡಿನಲ್ಲಿ ಯಾರ ಹೆಸರಿದೆ ಅಂತ ಓದದೆಯೇ ಜನ ಒಳಗೆ ಹೋಗಿ ಕೂರುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಮದ್ದೂರನ್ನು ಫ್ಲೈಓವರ್ ಮೇಲೆಯೇ ದಾಟುತ್ತವೆ, ಮಂಡ್ಯವನ್ನು ಬೈಪಾಸಿನಲ್ಲಿ ಬಿಟ್ಟು ಸೀದಾ ಮೈಸೂರಿಗೆ ಹೋಗುತ್ತವೆ. ಹಳೇ ರಸ್ತೆಯ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಹಾಗಾಗಿ ಈಗ ವಡೆ ಪ್ಯಾಕೆಟ್ಟಿಗೆ ಬಂದಿದೆ, ಮಂಡ್ಯದ ಬೆಲ್ಲ ಅಂದದ ಡಬ್ಬಿಗೆ ಬಂದಿದೆ, ಮೇಲುಕೋಟೆಯ ಪುಳಿಯೋಗರೆ ಗೊಜ್ಜು ಕೊರಿಯರ್‌ನಲ್ಲಿ ಹೋಗುತ್ತಿದೆ, ಕುವೆಂಪುನಗರದ ಮನೆಯಲ್ಲಿ ಮಾಡಿದ ಚಟ್ನಿಪುಡಿಗೆ ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಬರುತ್ತಿದೆ.

ಅಂಗಡಿಗೆ ಬಂದ ಗಿರಾಕಿಗೆ ನಿಮ್ಮ ಮುಖ ಗೊತ್ತು, ಬೀದಿ ಗೊತ್ತು. ಪ್ಯಾಕೆಟ್ ತರಿಸುವ ಗಿರಾಕಿಗೆ ಗೊತ್ತಿರುವುದು ಪ್ಯಾಕೆಟ್ ಮೇಲಿನ ಹೆಸರು ಮಾತ್ರ. ಅದೇ ಹೆಸರನ್ನು ಇನ್ನೊಬ್ಬ ಹಾಕಿಕೊಂಡರೆ ಗಿರಾಕಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಟ್ರೇಡ್‌ಮಾರ್ಕ್, ಅಂದರೆ ಬ್ರಾಂಡಿನ ಹೆಸರನ್ನೋ ಗುರುತನ್ನೋ ಕಾನೂನಿನಲ್ಲಿ ನಮ್ಮದು ಅಂತ ಮಾಡಿಕೊಳ್ಳುವುದು, ದೊಡ್ಡ ಕಂಪನಿಗಳ ವಿಷಯ ಅಂತ ನಮ್ಮ ಕಡೆ ಸುಮ್ಮನಿದ್ದುಬಿಟ್ಟವರೇ ಜಾಸ್ತಿ. ಇನ್ನು ಹಾಗೆ ಸುಮ್ಮನಿರುವ ಹಾಗಿಲ್ಲ.

ಮೊದಲಿಗೆ ಒಂದು ಗೊಂದಲ ಬಿಡಿಸಬೇಕು. "ನನ್ನ ಹೆಸರಿನಲ್ಲಿ ಜಿಎಸ್‌ಟಿ ಇದೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ, ಪಾಲಿಕೆಯ ಟ್ರೇಡ್ ಲೈಸೆನ್ಸೂ ಇದೆ, ಇನ್ನೇನು ಬೇಕು?" ಈ ಪ್ರಶ್ನೆ ಯಾವಾಗಲೂ ಕೇಳಿಬರುತ್ತದೆ. ಇವ್ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಜಿಎಸ್‌ಟಿ ತೆರಿಗೆಗೆ, ಎಫ್‌ಎಸ್‌ಎಸ್‌ಎಐ ಆಹಾರದ ಸುರಕ್ಷತೆಗೆ, ಉದ್ಯಮ್ ನಿಮ್ಮದು ಸಣ್ಣ ಉದ್ದಿಮೆ ಅಂತ ಗುರುತಿಸುವುದಕ್ಕೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಹೆಸರು ಮಂಜೂರಾದರೂ ಅಷ್ಟೇ, ವೆಬ್‌ಸೈಟ್ ವಿಳಾಸ ಕೊಂಡರೂ ಅಷ್ಟೇ. ಪದಾರ್ಥದ ಮೇಲೆ ಹಾಕುವ ಹೆಸರನ್ನು ಕಾಯುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಆದರೂ ಮೇಲಿನ ಕಾಗದಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ಅವುಗಳಿಗೆ ಬೇರೆ ಒಂದು ಬೆಲೆ ಇದೆ, ಮುಂದೆ ಹೇಳುತ್ತೇನೆ.

ನನ್ನ ಪ್ರಕಾರ ನಮ್ಮ ಭಾಗದ ವ್ಯಾಪಾರಿಗಳು ಎಡವುವುದು ಅರ್ಜಿ ಹಾಕುವ ದಿನ ಅಲ್ಲ, ಹೆಸರು ಇಡುವ ದಿನ. ನಮ್ಮ ಊರುಗಳ ಹೆಸರಿಗೆ ಒಳ್ಳೇ ಬೆಲೆ ಇದೆ. ಮೈಸೂರು ಅಂದ ಕೂಡಲೇ ರೇಷ್ಮೆ, ಗಂಧ, ಪಾಕ್, ಮಲ್ಲಿಗೆ ನೆನಪಾಗುತ್ತವೆ. ಮಂಡ್ಯ ಅಂದರೆ ಬೆಲ್ಲ. ಹಾಗಾಗಿ ಊರಿನ ಹೆಸರು, ಪದಾರ್ಥದ ಹೆಸರು ಜೋಡಿಸಿ ಮುಂದೆ "ಶುದ್ಧ" ಅಂತಲೋ "ಒರಿಜಿನಲ್" ಅಂತಲೋ ಸೇರಿಸಿ ಪ್ಯಾಕೆಟ್ ಅಚ್ಚು ಹಾಕಿಸಿಬಿಡುತ್ತೇವೆ. ಗಿರಾಕಿಗೆ ತಕ್ಷಣ ಅರ್ಥವಾಗುತ್ತದೆ, ನಿಜ. ಆದರೆ ಕಾಯ್ದೆಯ 9ನೇ ಸೆಕ್ಷನ್ ಇಂಥ ಹೆಸರನ್ನೇ ತಡೆಯುತ್ತದೆ. ಪದಾರ್ಥ ಯಾವುದು, ಎಂಥದ್ದು, ಎಲ್ಲಿಯದು ಅಂತ ಮಾತ್ರ ಹೇಳುವ ಹೆಸರನ್ನು ಒಬ್ಬರಿಗೇ ಬರೆದುಕೊಡಲು ಸಾಮಾನ್ಯವಾಗಿ ಆಗುವುದಿಲ್ಲ. ಇದು ನ್ಯಾಯವೇ ಅಲ್ವಾ? "ಮಂಡ್ಯ ಬೆಲ್ಲ" ಅನ್ನೋದು ಒಬ್ಬರ ಪಾಲಾದರೆ ಪಾಂಡವಪುರದಲ್ಲಿ ಆಲೆಮನೆ ನಡೆಸುವ ಉಳಿದವರು ತಮ್ಮ ಬೆಲ್ಲವನ್ನು ಏನಂತ ಕರೆಯಬೇಕು?

ವರ್ಷಗಟ್ಟಲೆ ಬಳಸಿ, ಆ ಹೆಸರು ಕೇಳಿದರೆ ಜನಕ್ಕೆ ನಿಮ್ಮ ಅಂಗಡಿಯೇ ನೆನಪಾಗುತ್ತದೆ ಅಂತ ಸಾಬೀತು ಮಾಡಿದರೆ ವಿನಾಯಿತಿ ಉಂಟು. ಅದಕ್ಕೆ ರಾಶಿ ರಾಶಿ ದಾಖಲೆ ಬೇಕು, ಜಾಹೀರಾತಿನ ಖರ್ಚಿನ ಲೆಕ್ಕ ಬೇಕು. ಹೊಸದಾಗಿ ಶುರು ಮಾಡಿದವರಿಗೆ ಆಗುವ ಕೆಲಸ ಅಲ್ಲ.

ಹಾಗಾದರೆ ಎಂಥ ಹೆಸರು ಗಟ್ಟಿ? ಮೈಸೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. 1948ರಲ್ಲಿ ಇಲ್ಲಿ ಶುರುವಾದ ಎನ್. ರಂಗರಾವ್ ಸಂಸ್ಥೆಯ ಊದಿನಕಡ್ಡಿಯ ಹೆಸರು ಸೈಕಲ್. ಸೈಕಲ್ಲಿಗೂ ಊದಿನಕಡ್ಡಿಗೂ ಯಾವ ಸಂಬಂಧವೂ ಇಲ್ಲ. ಹೆಸರು ಬಲವಾಗಿರುವುದು ಅದಕ್ಕೇ. ಸುವಾಸನೆಯನ್ನೋ ಗಂಧವನ್ನೋ ಮೈಸೂರನ್ನೋ ಹೇಳುವ ಹೆಸರಾಗಿದ್ದರೆ ಬೇರೆಯವರೂ ಬಳಸಬಹುದಿತ್ತು. ಊದಿನಕಡ್ಡಿ ಪೊಟ್ಟಣದ ಮೇಲೆ ಸೈಕಲ್ ಅಂತ ಬರೆಯಲು ಇನ್ನೊಬ್ಬನಿಗೆ ಪ್ರಾಮಾಣಿಕ ಕಾರಣವೇ ಇಲ್ಲ. ಪದಾರ್ಥಕ್ಕೆ ಸಂಬಂಧವಿಲ್ಲದ ಮಾಮೂಲಿ ಪದ, ಅಥವಾ ನೀವೇ ಹುಟ್ಟಿಸಿದ ಪದ, ಇವೆರಡಕ್ಕೆ ಕಾನೂನಿನಲ್ಲಿ ಬಲ ಜಾಸ್ತಿ. ಶುರುವಿನಲ್ಲಿ ಜನಕ್ಕೆ ಅರ್ಥ ಮಾಡಿಸಲು ಸ್ವಲ್ಪ ಕಷ್ಟಪಡಬೇಕು, ಆ ಕಷ್ಟ ಮುಂದೆ ನಿಮ್ಮನ್ನು ಕಾಯುತ್ತದೆ. "ಮೈಸೂರು", "ಮಂಡ್ಯ" ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಕೆಳಗೆ ಚಿಕ್ಕದಾಗಿ ಇರಲಿ, ಪದಾರ್ಥ ಎಲ್ಲಿಯದು ಅಂತ ಹೇಳಲಿ. ದೊಡ್ಡ ಅಕ್ಷರದಲ್ಲಿ ಇರಬೇಕಾದ್ದು ನಿಮ್ಮದೇ ಹೆಸರು.

ದೇವರ ಹೆಸರಿನ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಚಾಮುಂಡೇಶ್ವರಿ, ನಂಜುಂಡೇಶ್ವರ, ಚೆಲುವನಾರಾಯಣ ಇಲ್ಲದ ಬೋರ್ಡು ನಮ್ಮಲ್ಲಿ ಎಷ್ಟಿವೆ ಹೇಳಿ. ಭಕ್ತಿಯಿಂದ ಇಡುತ್ತೇವೆ, ಇಡಬಾರದು ಅಂತ ಯಾರೂ ಹೇಳುವುದಿಲ್ಲ. ಆದರೆ ಅದನ್ನೇ ನಂಬಿ ಇನ್ನೊಬ್ಬರನ್ನು ತಡೆಯುವುದು ಕಷ್ಟ. ಊದಿನಕಡ್ಡಿಗೆ "ರಾಮಾಯಣ" ಅಂತ ಹೆಸರು ನೋಂದಾಯಿಸುವ ಪ್ರಯತ್ನ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಪವಿತ್ರ ಗ್ರಂಥದ ಹೆಸರನ್ನು ಒಬ್ಬರೇ ತಮ್ಮದು ಅನ್ನುವ ಹಾಗಿಲ್ಲ ಅಂತ 2015ರಲ್ಲಿ ಕೋರ್ಟ್ ಹೇಳಿತು. ನಮ್ಮದೇ ರಾಜ್ಯದ ನಂದಿನಿ ಪ್ರಕರಣವಂತೂ ಎಲ್ಲ ವ್ಯಾಪಾರಿಗಳಿಗೂ ಗೊತ್ತಿರಬೇಕು. ಕೆಎಂಎಫ್ ಹಾಲಿಗೆ 1985ರಿಂದ ನಂದಿನಿ ಹೆಸರಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು ತಮ್ಮ ಹೆಸರನ್ನು 1989ರಿಂದ ಬಳಸಿದರು, ಆಮೇಲೆ ನೋಂದಣಿಗೆ ಅರ್ಜಿ ಹಾಕಿದರು. ಕೆಎಂಎಫ್ ವಿರೋಧಿಸಿತು. ರಿಜಿಸ್ಟ್ರಿ, ಮೇಲ್ಮನವಿ ಮಂಡಳಿ, ಹೈಕೋರ್ಟ್ ಎಲ್ಲ ದಾಟಿ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೊರಗಿಟ್ಟು. ನಂದಿನಿ ಅನ್ನೋದು ಪುರಾಣದ ಹಸುವಿನ ಹೆಸರು, ದೇವಿಯ ಹೆಸರು, ಎರಡೂ ಕಡೆಯ ಪದಾರ್ಥ ಬೇರೆ, ಲೋಗೋ ಬೇರೆ, ಇವು ಅಲ್ಲಿನ ಮುಖ್ಯ ವಾದಗಳು. ರಾಜ್ಯದ ಮನೆಮನೆಗೆ ಹೋಗುವ ಬ್ರಾಂಡಿಗೇ ಪುರಾಣದ ಹೆಸರನ್ನು ಪೂರ್ತಿ ತನ್ನದಾಗಿಸಿಕೊಳ್ಳಲು ಆಗಲಿಲ್ಲ ಅಂದಮೇಲೆ ಸಣ್ಣವರು ಎರಡು ಸಲ ಯೋಚಿಸಬೇಕು.

ಮೈಸೂರಿನವರಿಗೆ ಗಂಡಭೇರುಂಡ ಅಂದರೆ ಪ್ರಾಣ. ಅದು ರಾಜ್ಯ ಸರ್ಕಾರದ ಲಾಂಛನ ಕೂಡ. ಸರ್ಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸದಂತೆ 1950ರ ಕಾಯ್ದೆಯೇ ಇದೆ. ಲೋಗೋದಲ್ಲಿ ಅದನ್ನು ಹಾಗೆಯೇ ಇಟ್ಟರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು.

ಊರಿನ ಹೆಸರನ್ನು ಕಾಯುವವರೇ ಇಲ್ಲವೇ ಅಂದರೆ, ಅದಕ್ಕೆ ಬೇರೆ ದಾರಿ ಇದೆ, ಜಿಐ ಅಂದರೆ ಭೌಗೋಳಿಕ ಸೂಚಕ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಗಂಜೀಫಾ ಕಾರ್ಡು ಎಲ್ಲ ಈ ಪಟ್ಟಿಯಲ್ಲಿವೆ. ಜಿಐ ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಆ ಭಾಗದ ಬೆಳೆಗಾರರ, ತಯಾರಕರ ಸಾಮೂಹಿಕ ಹಕ್ಕು. ನೀವು ಆ ಪದಾರ್ಥವನ್ನೇ ಬೆಳೆಯುವವರು ಅಥವಾ ಮಾಡುವವರಾದರೆ ಅಧಿಕೃತ ಬಳಕೆದಾರ ಅಂತ ಹೆಸರು ಸೇರಿಸಿಕೊಳ್ಳಬಹುದು. 2020ರಲ್ಲಿ ಅದರ ಅರ್ಜಿ ಶುಲ್ಕವನ್ನು 10 ರೂಪಾಯಿಗೆ ಇಳಿಸಿದ್ದಾರೆ. ಇಷ್ಟು ಕಡಿಮೆ ದುಡ್ಡಿಗೆ ಸಿಗುವ ಹಕ್ಕನ್ನು ಬಿಡಬೇಡಿ. ಜೊತೆಗೆ ನಿಮ್ಮ ಸ್ವಂತ ಬ್ರಾಂಡೂ ಇರಲಿ. ಎರಡೂ ಒಂದೇ ಪ್ಯಾಕೆಟ್ ಮೇಲೆ ಇರಬಹುದು.

ಈಗ ಎಲ್ಲರೂ ತಪ್ಪು ತಿಳಿದಿರುವ ವಿಷಯ. "ಯಾರು ಮೊದಲು ರಿಜಿಸ್ಟರ್ ಮಾಡಿಸಿದರೋ ಹೆಸರು ಅವರದ್ದು" ಅಂತ ಬಹಳ ಜನ ನಂಬಿದ್ದಾರೆ. ಅರ್ಜಿ ಹಾಕಿಕೊಡುವ ಕೆಲವು ಏಜೆಂಟರು ಇದನ್ನೇ ಹೇಳಿ ಹೆದರಿಸುತ್ತಾರೆ. ಭಾರತದಲ್ಲಿ ಹಾಗಿಲ್ಲ. ಇಲ್ಲಿ ಮೊದಲು ಬಳಸಿದವರಿಗೆ ಆದ್ಯತೆ. ಇನ್ನೊಬ್ಬರು ಬಳಸುವುದಕ್ಕೂ ನೋಂದಾಯಿಸುವುದಕ್ಕೂ ಮುಂಚಿನಿಂದ ನೀವು ಬಿಡದೆ ಬಳಸುತ್ತಿದ್ದರೆ, ನಂತರ ಬಂದ ನೋಂದಣಿ ನಿಮ್ಮನ್ನು ತಡೆಯಲಾರದು. ಕಾಯ್ದೆಯ 34ನೇ ಸೆಕ್ಷನ್ ಹೇಳುವುದು ಅದನ್ನೇ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣ ಇದಕ್ಕೆ ಸರಿಯಾದ ಉದಾಹರಣೆ. ತಲೆಮಾರುಗಳ ಹಳೇ ಅಂಗಡಿ ಒಂದು ಕಡೆ. ಅದೇ ಹೆಸರಿನ ಮುಂದೆ ಊರಿನ ಹೆಸರು ಸೇರಿಸಿಕೊಂಡವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ನೋಂದಣಿ ಇತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳಸಿದವರ ಹಕ್ಕೇ ಮೇಲು ಅಂತ ಹೇಳಿತು. ಮಿಠಾಯಿ ಅಂಗಡಿಯ ಜಗಳ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಿದೆ ಅನ್ನೋದನ್ನೂ ಗಮನಿಸಿ.

ಕೆಎಸ್‌ಆರ್‌ಟಿಸಿ ಹೆಸರಿಗೆ ಕರ್ನಾಟಕ, ಕೇರಳ ಕಿತ್ತಾಡಿದ್ದು ನೆನಪಿರಬಹುದು. ಹೆಸರು ಕೇರಳದ ಪಾಲಾಯಿತು ಅಂತ 2021ರಲ್ಲಿ ದೊಡ್ಡ ಸುದ್ದಿಯಾಯಿತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ನಮ್ಮ ಬಸ್ಸಿನ ಮೇಲೆ ಆ ಅಕ್ಷರಗಳು ಉಳಿದವು. ನಮ್ಮವರು ದಶಕಗಳ ಬಳಕೆ ತೋರಿಸಿ ಮೊದಲೇ ನೋಂದಣಿ ಮಾಡಿಸಿಕೊಂಡಿದ್ದರು.

ಬಳಸಿದರೆ ಸಾಕು ಅನ್ನುವುದಾದರೆ ನೋಂದಣಿ ಯಾಕೆ? ಸಾಬೀತು ಮಾಡುವ ಭಾರ ತಗ್ಗಿಸಲು. ನೋಂದಣಿ ಇಲ್ಲದವರು ಕೋರ್ಟಿಗೆ ಹೋದರೆ "ಪಾಸಿಂಗ್ ಆಫ್" ಅನ್ನುವ ದಾವೆ ಹೂಡಬೇಕು. ನನ್ನ ಹೆಸರಿಗೆ ಮಾರುಕಟ್ಟೆಯಲ್ಲಿ ಒಳ್ಳೇ ಹೆಸರಿದೆ, ಎದುರಿನವರು ಜನರನ್ನು ದಾರಿ ತಪ್ಪಿಸುತ್ತಿದ್ದಾರೆ, ಅದರಿಂದ ನನಗೆ ನಷ್ಟ, ಈ ಮೂರನ್ನೂ ದಾಖಲೆ ಸಮೇತ ತೋರಿಸಬೇಕು. ನೋಂದಣಿ ಇದ್ದರೆ ಹೆಸರು ನಿಮ್ಮದು ಅನ್ನುವುದಕ್ಕೆ ಆ ಸರ್ಟಿಫಿಕೇಟೇ ಮೊದಲ ಪುರಾವೆ. ಇದರ ಜೊತೆ ಹೆಚ್ಚಿನವರು ಹೇಳದ ಒಂದು ಲಾಭ ಇದೆ, ನನಗೆ ಬಹಳ ಮುಖ್ಯ ಅನಿಸುವುದು ಅದೇ. ನೋಂದಾಯಿತ ಮಾರ್ಕಿನ ಉಲ್ಲಂಘನೆಗೆ ನೀವು ವ್ಯಾಪಾರ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು, 134ನೇ ಸೆಕ್ಷನ್ ಆ ಅವಕಾಶ ಕೊಟ್ಟಿದೆ. ಸೂರತ್‌ನಲ್ಲಿ ಯಾರೋ ನಕಲು ಮಾಡಿದರೆ ಮಂಡ್ಯದ ಕೋರ್ಟಿಗೆ ಕರೆಸಬಹುದು. ಬರೀ ಪಾಸಿಂಗ್ ಆಫ್ ದಾವೆಗೆ ಈ ಸವಲತ್ತು ಇಲ್ಲ. ಎದುರಾಳಿ ಇರುವ ಕಡೆಗೋ ಮೋಸ ನಡೆದ ಕಡೆಗೋ ಹೋಗಬೇಕು. ಸಣ್ಣ ವ್ಯಾಪಾರಿ ಅಂಗಡಿ ಬಾಗಿಲು ಹಾಕಿ ಗುಜರಾತಿಗೆ ಓಡಾಡಲು ಸಾಧ್ಯವೇ? ಆನ್‌ಲೈನ್ ಮಾರಾಟ ತಾಣಗಳಲ್ಲಿ ನಕಲಿ ಮಾಲಿನ ವಿರುದ್ಧ ದೂರು ಕೊಡುವಾಗಲೂ ಮೊದಲು ಕೇಳುವುದು ಟ್ರೇಡ್‌ಮಾರ್ಕ್ ನಂಬರನ್ನು.

ಹಳೇ ಕಾಗದಗಳ ಬೆಲೆ ಇಲ್ಲಿ ಬರುತ್ತದೆ. ಅರ್ಜಿಯಲ್ಲಿ "ಇಂಥ ದಿನದಿಂದ ಬಳಸುತ್ತಿದ್ದೇನೆ" ಅಂತ ಹೇಳಿದರೆ ಅಫಿಡವಿಟ್ ಜೊತೆ ಪುರಾವೆ ಕೊಡಬೇಕು. ಹಳೇ ಬಿಲ್ಲು, ಪ್ಯಾಕೆಟ್ ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀದಿ, ಲೈಸೆನ್ಸುಗಳು, ಪತ್ರಿಕೆಯಲ್ಲಿ ಕೊಟ್ಟ ದಸರಾ ಜಾಹೀರಾತು, ಎಲ್ಲವೂ ಕೆಲಸಕ್ಕೆ ಬರುತ್ತವೆ. ಬಿಲ್ಲಿನ ಮೇಲೆ ಬ್ರಾಂಡ್ ಹೆಸರು ಇರಬೇಕು ಅನ್ನೋದನ್ನು ಮರೆಯಬೇಡಿ. ಎಷ್ಟೋ ಜನರ ಬಿಲ್ಲಿನಲ್ಲಿ ಮಾಲೀಕರ ಹೆಸರು ಮಾತ್ರ ಇರುತ್ತದೆ, ಬ್ರಾಂಡ್ ಹೆಸರೇ ಇರುವುದಿಲ್ಲ. ಇವತ್ತೇ ಸರಿ ಮಾಡಿಸಿ.

ಅರ್ಜಿಯ ದಾರಿ ಅಷ್ಟೇನೂ ಕಷ್ಟದ್ದಲ್ಲ. ಟ್ರೇಡ್‌ಮಾರ್ಕ್ ನೋಂದಣಿಗೆ ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣ ಇದೆ, ಅಲ್ಲಿ ಹೆಸರು ಹುಡುಕುವುದು ಉಚಿತ. ಅಕ್ಷರ ಬೇರೆಯಾದರೂ ಉಚ್ಚಾರ ಒಂದೇ ಇರುವ ಹೆಸರುಗಳನ್ನೂ ಹುಡುಕಿ, ಯಾಕೆಂದರೆ ಕಿವಿಗೆ ಒಂದೇ ಥರ ಕೇಳಿಸಿದರೂ ತಕರಾರು ಬರುತ್ತದೆ. ಪದಾರ್ಥ ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಸಿಹಿತಿಂಡಿ, ಕಾಫಿ, ಮಸಾಲೆಪುಡಿ 30ನೇ ವರ್ಗ. ಉಪ್ಪಿನಕಾಯಿ, ಅಡುಗೆ ಎಣ್ಣೆ 29. ಊದಿನಕಡ್ಡಿ, ಸೋಪು 3. ಸೀರೆ 25. ಹೋಟೆಲ್ 43. ಗಾಣದ ಎಣ್ಣೆಯನ್ನೂ ಪುಳಿಯೋಗರೆ ಪುಡಿಯನ್ನೂ ಒಂದೇ ಹೆಸರಿನಲ್ಲಿ ಮಾರುವವರಿಗೆ ಎರಡು ವರ್ಗ ಬೇಕು. ಶುಲ್ಕ ಎರಡು ಸಲ. ಟಿಎಂ-ಎ ಅನ್ನುವ ಫಾರ್ಮನ್ನು ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯವರು ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿದರೆ ಅರ್ಧ ಉಳಿಯುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಅಲ್ಲಿಗೆ ಹೋಗುವ ಅಗತ್ಯ ಬೀಳುವುದು ಕಡಿಮೆ, ವಿಚಾರಣೆ ವಿಡಿಯೋದಲ್ಲೇ ನಡೆಯುತ್ತದೆ.

ಬಣ್ಣಬಣ್ಣದ ಲೋಗೋ ಒಂದನ್ನೇ ನೋಂದಾಯಿಸುವವರು ತುಂಬಾ ಜನ. ನಾಳೆ ಲೋಗೋ ಬದಲಾದರೆ? ದುಡ್ಡಿಗೆ ಬಿಗಿ ಇದ್ದರೆ ಮೊದಲು ಬರೀ ಪದವನ್ನು ನೋಂದಾಯಿಸಿ, ಲೋಗೋ ಆಮೇಲೆ. ಪದಕ್ಕೆ ಸಿಗುವ ರಕ್ಷಣೆ ಯಾವ ಅಕ್ಷರ ವಿನ್ಯಾಸಕ್ಕೂ ಅನ್ವಯಿಸುತ್ತದೆ. ಕನ್ನಡ ಲಿಪಿಯಲ್ಲಿರುವ ಹೆಸರಿಗೂ ಅರ್ಜಿ ಹಾಕಬಹುದು, ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಹೆಸರಿನ ಕನ್ನಡ ರೂಪವೇ ಹೆಚ್ಚು ಕಣ್ಣಿಗೆ ಬೀಳುತ್ತಿದೆ, ಅದನ್ನೂ ಸೇರಿಸಿ ಯೋಚಿಸಿ.

ಅರ್ಜಿ ಹಾಕಿದ ಮೇಲೆ ಸ್ಟೇಟಸ್‌ನಲ್ಲಿ "ಆಬ್ಜೆಕ್ಟೆಡ್" ಅಂತ ಬಂದರೆ ಗಾಬರಿ ಬೇಡ. ಪರೀಕ್ಷಕರು ಪ್ರಶ್ನೆ ಕೇಳಿದ್ದಾರೆ ಅಂತ ಅಷ್ಟೇ. ವರದಿ ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾದರೆ ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, 4 ತಿಂಗಳಲ್ಲಿ ಯಾರೂ ವಿರೋಧಿಸದಿದ್ದರೆ ನೋಂದಣಿಯಾಗುತ್ತದೆ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಯಾರಾದರೂ ವಿರೋಧಿಸಿದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ನೋಟಿಸ್ ಸಿಕ್ಕ 2 ತಿಂಗಳಲ್ಲಿ ಪ್ರತಿ ಹೇಳಿಕೆ ಸಲ್ಲಿಸದಿದ್ದರೆ ನೀವೇ ಅರ್ಜಿ ಕೈಬಿಟ್ಟಿರಿ ಅಂತ ಕಾನೂನು ತಿಳಿಯುತ್ತದೆ. ಅದಕ್ಕೇ ಅರ್ಜಿಯಲ್ಲಿ ಏಜೆಂಟರ ಇಮೇಲ್ ಜೊತೆ ನಿಮ್ಮದೂ ಇರಲಿ. ಕಡಿಮೆ ದುಡ್ಡಿಗೆ ಅರ್ಜಿ ಹಾಕಿಕೊಟ್ಟು ಆಮೇಲೆ ಫೋನ್ ಎತ್ತದವರ ಕೈಗೆ ಸಿಕ್ಕಿ, ಉತ್ತರ ಕೊಡುವ ದಿನ ದಾಟಿಹೋಗಿ, ಒಳ್ಳೇ ಹೆಸರು ಕಳೆದುಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕು ಅನ್ನುವ ಪ್ರಶ್ನೆಯ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಆಡುವುದಿಲ್ಲ. ಹೊರಗಿನವರು ನಕಲು ಮಾಡುವುದಕ್ಕಿಂತ ನನಗೆ ಇದೇ ದೊಡ್ಡ ಚಿಂತೆ. ಅಪ್ಪ ಶುರು ಮಾಡಿದ ಅಂಗಡಿ, ಇಬ್ಬರು ಮಕ್ಕಳು ನಡೆಸುತ್ತಾರೆ, ಅಪ್ಪ ಹೋದ ಮೇಲೆ ಮನೆ ಭಾಗ ಆಗುತ್ತದೆ, ಜಮೀನು ಭಾಗ ಆಗುತ್ತದೆ, ಹೆಸರಿನ ವಿಷಯ ಪಾಲುಪಟ್ಟಿಯಲ್ಲಿ ಇರುವುದೇ ಇಲ್ಲ. ಆಮೇಲೆ ಒಂದೇ ರಸ್ತೆಯಲ್ಲಿ ಎರಡು ಬೋರ್ಡು, ಎರಡರಲ್ಲೂ "ಒರಿಜಿನಲ್". ಟ್ರೇಡ್‌ಮಾರ್ಕ್ ಕೂಡ ಆಸ್ತಿಯೇ. ಉಯಿಲಿನಲ್ಲಿ ಬರೆಯಬಹುದು, ಮಾರಬಹುದು, ಬಳಸಲು ಲೈಸೆನ್ಸ್ ಕೊಡಬಹುದು. ಅಪ್ಪನ ಹೆಸರಿನಲ್ಲಿ ನೋಂದಣಿ ಇದ್ದರೆ ಅವರು ಇರುವಾಗಲೇ ಬರೆದಿಡಲಿ. ಪಾಲುದಾರಿಕೆಯಾದರೆ ಪತ್ರದಲ್ಲೇ ಒಂದು ಸಾಲು ಇರಲಿ, ಒಬ್ಬರು ಹೊರಗೆ ಹೋದರೆ ಹೆಸರು ಸಂಸ್ಥೆಯಲ್ಲೇ ಉಳಿಯುತ್ತದೋ ಇಲ್ಲವೋ ಅಂತ. ಅಡುಗೆ ಮಾಡುವುದು ಹೆಂಡತಿ, ರುಚಿ ಅವರದ್ದು, ಅರ್ಜಿ ಮಾತ್ರ ಗಂಡನ ಹೆಸರಿನಲ್ಲಿ, ಇದೂ ನಮ್ಮಲ್ಲಿ ಸಾಮಾನ್ಯ. ಇದು ಸರಿಯಲ್ಲ. ವ್ಯಾಪಾರ ಯಾರದ್ದೋ ಹೆಸರೂ ಅವರದ್ದೇ ಆಗಬೇಕು. ಸ್ತ್ರೀಶಕ್ತಿ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಸದಸ್ಯರೆಲ್ಲರೂ ಬಳಸುವಂತೆ ಸಾಮೂಹಿಕ ಮಾರ್ಕಿಗೆ ಅರ್ಜಿ ಹಾಕಬಹುದು. ಒಬ್ಬ ಪದಾಧಿಕಾರಿಯ ಹೆಸರಿನಲ್ಲಿ ಹಾಕಿ ಆಮೇಲೆ ಜಗಳವಾಡುವುದು ಬೇಡ.

ನೋಂದಣಿ ಆಗುವ ತನಕ ಹೆಸರಿನ ಪಕ್ಕ ಟಿಎಂ ಅಂತ ಹಾಕಿ. ವೃತ್ತದೊಳಗಿನ ಆರ್ ಗುರುತನ್ನು ಸರ್ಟಿಫಿಕೇಟ್ ಬಂದ ಮೇಲೆಯೇ ಹಾಕಬೇಕು, ಮೊದಲೇ ಹಾಕುವುದು ಕಾನೂನಿನಲ್ಲಿ ತಪ್ಪು, ದಂಡ ಇದೆ. ನೋಂದಣಿ 10 ವರ್ಷಕ್ಕೆ, ಆಮೇಲೆ ವರ್ಗಕ್ಕೆ 9,000 ಕಟ್ಟಿ ನವೀಕರಿಸುತ್ತಾ ಹೋಗಬಹುದು. 5 ವರ್ಷಕ್ಕೂ ಮೀರಿ ಬಳಸದೆ ಸುಮ್ಮನಿಟ್ಟ ಹೆಸರನ್ನು ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು.

ಸರ್ಟಿಫಿಕೇಟ್ ಬಂದ ಮೇಲೆ ಕಾವಲು ನಿಮ್ಮದೇ. ನಕಲಿಯವರನ್ನು ಹುಡುಕಿಕೊಂಡು ಸರ್ಕಾರ ತಾನಾಗಿ ಬರುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪಿನಷ್ಟು ಹಳೇ ಹೆಸರಿಗೂ ಈ ಕಾಟ ತಪ್ಪಿಲ್ಲ. ಅದರ ನಕಲಿ ತಯಾರಿಸುವ ಜಾಲ ಹೈದರಾಬಾದಿನಲ್ಲಿ ಸಿಕ್ಕಿಬಿದ್ದಿದ್ದು 2024ರ ಜನವರಿಯಲ್ಲಿ. ಸಣ್ಣವರ ಕೈಯಲ್ಲಿ ಆಗುವ ಕೆಲಸ ಒಂದಿದೆ. ಟ್ರೇಡ್ ಮಾರ್ಕ್ಸ್ ಜರ್ನಲ್ ವಾರಕ್ಕೊಮ್ಮೆ ಸೋಮವಾರ ಆನ್‌ಲೈನ್‌ನಲ್ಲಿ ಬರುತ್ತದೆ. ನಿಮ್ಮ ವರ್ಗದಲ್ಲಿ ನಿಮ್ಮ ಹೆಸರಿಗೆ ಹತ್ತಿರವಾದದ್ದು ಕಂಡರೆ 4 ತಿಂಗಳೊಳಗೆ ಟಿಎಂ-ಒ ಫಾರ್ಮಿನಲ್ಲಿ ವಿರೋಧ ಸಲ್ಲಿಸಬಹುದು, ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 2,700 ರೂಪಾಯಿ. ಆ ಹೆಸರು ನೋಂದಣಿಯಾಗಿ, ಅವರ ಮಾಲು ಅಂಗಡಿ ಅಂಗಡಿಗೆ ಹೋದ ಮೇಲೆ ಕೋರ್ಟಿನಲ್ಲಿ ನಿಲ್ಲಿಸಲು ಇದರ ಎಷ್ಟೋ ಪಟ್ಟು ಖರ್ಚಾಗುತ್ತದೆ.